ಅವ್ವ ಕೂತ ಜಾಗ

ಅವ್ವ ಬೆಳಗಿನಿಂದಲೇ ತಯಾರಾಗಿ ಕೂತಿದ್ದಳು. ಹಣೆತುಂಬ ವಿಭೂತಿ, ಪೆಟ್ಟಿಗೆಯಿಂದ ತೆಗೆದ ಇಳಕಲ್ಲ ಸೀರೆ, ಕೊರಳಿನ ಲಿಂಗದ ಕರಡಿಗೆ ಸೆರಗಿನ ಹೊರಗೆ. ಯಾರದೋ ಲಗ್ನಕ್ಕೆ ಹೊರಟವಳ ಹಾಗೆ ಬಾಗಿಲಿಗೆ ಮುಖ ಮಾಡಿ ಕುರ್ಚಿಯ ಮೇಲೆ ಕೂತಿದ್ದಳು. ಹೊರಟದ್ದು ಮಾತ್ರ ತಾನು ಸತ್ತ ಮೇಲೆ ಕೂರುವ ಜಾಗ ನೋಡುವುದಕ್ಕೆ. ಗುರುನಾಥ ಬಾಯಿತುಂಬ ನೊರೆ ಇಟ್ಟುಕೊಂಡು ಬಚ್ಚಲ ಬಾಗಿಲಿನಿಂದ ಅವಳ ಬೆನ್ನು ನೋಡಿದ. ಇವತ್ತೂ ಒಂದು ನೆಪ ಸಿಕ್ಕೀತೇ ಎಂದು ಹುಡುಕಿದ. ಲಗ್ನದ ಸೀಜನ್ನು, ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ಒಂದು ಸಲ ಹೇಳಿಯಾಗಿತ್ತು. ಬಿಸಿಲು ಎಂದೂ ಹೇಳಿಯಾಗಿತ್ತು, ಕಾರು ಕೆಟ್ಟಿದೆ ಎಂದೂ ಹೇಳಿಯಾಗಿತ್ತು. ಹೆಂಡತಿ ವಿಜಯಶ್ರೀ ನಿನ್ನೆ ಅನ್ನ ಬಡಿಸುತ್ತಾ, "ಒಮ್ಮೆ ತೋರಿಸ್ಕೊಂಡು ಬರ್ರಿ. ಹೊಲ, ಹೊಲ ಅಂತ ಕೇಳಿ ಕೇಳಿ ನನ್ನ ತಲಿ ಖರಾಬಾಗ್ಯದ. ಹೊಲ ತಗೊಂಡಾದ ಮ್ಯಾಲೂ ನಿಮ್ಮದೇನು ಹಿಂಜರಿಕಿ?" ಎಂದಿದ್ದಳು. ಅವಳಿಗೂ ಅವನು ಹೇಳಿರಲಿಲ್ಲ.

ಹೇಳಬೇಕಾದದ್ದು ದೊಡ್ಡ ಮಾತೇನಲ್ಲ. ಕೊಂಡ ಹೊಲದ ರಸ್ತೆಯ ಕಡೆಯ ಮೂಲೆಯಲ್ಲಿ ಯಾರೋ ತಂದು ಸುರಿದ ಹೊಲಸಿತ್ತು, ಮೇಲಿನದನ್ನು ತೆಗೆಸಿದೆ, ಕೆಳಗಿನದನ್ನು ಮುಚ್ಚಿಸಿದೆ. ಇಷ್ಟೇ. ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಾ ಅವನು ಅದನ್ನು ಮನಸ್ಸಿನಲ್ಲೇ ಹೇಳಿ ನೋಡಿದ. ಹೇಳಲಿಕ್ಕೆ ಬರುತ್ತಿತ್ತು. ಆದರೆ ಅವ್ವನ ಎದುರು ಬಂದು ನಿಂತಾಗ ಬಾಯಿಂದ ಬಂದದ್ದು "ಚಪ್ಪಲಿ ಹಾಕ್ಕೊ, ಯವ್ವಾ, ನೆಲ ಸುಡ್ತದ" ಎಂಬ ಮಾತು.

ಹುಮನಾಬಾದ್ ದಾಟಿ ಕಾರು ಹೈವೇ ಹಿಡಿಯಿತು. ಅವ್ವ ಕಿಟಕಿಯ ಗಾಜು ಇಳಿಸಿಕೊಂಡು, ಬಿಸಿಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು, ಊರುಗೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂತಿದ್ದಳು.

"ಗುರೂ, ಮಣ್ಣು ಮೆತ್ತಗದ ಏನು?"

"ಅದ. ಜರಾ ಮುರುಮು ಕಲ್ಲು ಅದ, ಜರಾ ಮೆತ್ತಗದ."

"ನಿಮ್ಮಪ್ಪಂದು ನೆನಪದ ಇಲ್ಲೋ?"

ನೆನಪಿಲ್ಲದೆ ಏನು. ಅಪ್ಪ ಬಕ್ಕಪ್ಪ ಸಂತೆಸಂತೆಗೆ ಪಾತ್ರೆ ಭಾಂಡೆ ಹೊತ್ತು ಮಾರಿ, ಕಡೆಗೆ ಹುಮನಾಬಾದಿನಲ್ಲಿ ಒಂದು ಭಾಂಡೆ ಅಂಗಡಿ ಇಟ್ಟವನು. ಅಂಗಡಿಗೆ ಹಾಕಲೆಂದು ಇದ್ದ ಹೊಲ ಮಾರಿ, ತಕ್ಕಡಿ ಹಿಡಿದವನಿಗೆ ಮಣ್ಣು ಯಾಕೆ ಬೇಕು ಎಂದು ನಗುತ್ತಿದ್ದವನು. ಯಾಕೆ ಬೇಕೆಂಬುದು ಅವನು ಸತ್ತ ದಿನ ಗೊತ್ತಾಯಿತು. ಮನ್ನಾಏಖೇಳ್ಳಿಯ ಹತ್ತಿರ ದೊಡ್ಡಪ್ಪನ ಮಕ್ಕಳ ಹೊಲದ ದಂಡೆಯಲ್ಲಿ, ಅವರ ಕೈಕಾಲು ಹಿಡಿದು, ಒಂದು ಜಾಗ ಕೇಳಿದ್ದಾಯಿತು. ಅವರು ಕೊಟ್ಟದ್ದು ಏನೂ ಬೆಳೆಯದ ಕೆಂಪು ಕಲ್ಲಿನ ತುದಿ. ಹಾರೆ ಬಿದ್ದಲ್ಲಿ ಟಣ್ ಎಂದು ಹಿಂದೆ ಪುಟಿಯುತ್ತಿತ್ತು. ಹೊತ್ತು ಏರಿತು. ಬಂದವರು ಗಡಿಯಾರ ನೋಡಿಕೊಂಡರು. ಮಂತ್ರ ಹೇಳಲು ಬಂದ ಅಯ್ಯನವರು ಇನ್ನೊಂದು ಊರಿಗೆ ಹೋಗಬೇಕಿತ್ತು. ಇಷ್ಟೇ ಆಳ ಸಾಕು ಬಿಡ್ರಿ ಎಂದು ಯಾರೋ ಅಂದರು, ಎಲ್ಲರೂ ಹೌದು ಹೌದು ಎಂದರು. ರೂಢಿಯಂತೆ ತಗ್ಗಿನೊಳಗೆ ಕೂರಿಸಿದಾಗ ಅಪ್ಪನ ತಲೆ ನೆಲಕ್ಕಿಂತ ಮೇಲೆ ಕಂಡಿತು. ಜೀವ ಇದ್ದಾಗ ನೆಟ್ಟಗೆ ನಡೆದ ಮನುಷ್ಯ. ಕೊರಳು ಬಗ್ಗಿಸಬೇಕಾಯಿತು. ಬಗ್ಗಿಸಿದ ಕೈ ಗುರುನಾಥನದೇ. ಕೆಲವು ರಾತ್ರಿ ಈಗಲೂ ಆ ಕೊರಳಿನ ಬಿಗುವು ಅವನ ಅಂಗೈಗೆ ಬರುತ್ತದೆ, ಎದ್ದು ಕೈ ತೊಳೆದು ಮಲಗುತ್ತಾನೆ.

ಆಮೇಲೆ ಪ್ರತಿ ವರ್ಷ ಪೂಜೆಗೆ ಹೋಗುವಾಗ ಫೋನು ಮಾಡಿ ಕೇಳಬೇಕು, ಬರಲೇನು ಎಂದು. ಬರ್ರಿ ಬರ್ರಿ, ಹೊರಗಿನವರೇನು ನೀವು, ಎನ್ನುತ್ತಿದ್ದರು ದೊಡ್ಡಪ್ಪನ ಮಕ್ಕಳು, ಹೊರಗಿನವರಿಗೆ ಹೇಳುವ ದನಿಯಲ್ಲಿ. ಅವರೇ ಅಲ್ಲಿ ಢಾಬಾ ಹಾಕಿದರು. ಅಪ್ಪನ ಗದ್ದುಗೆ ಅಡುಗೆ ಕೋಣೆಯ ಹಿಂದೆ ಹೋಯಿತು, ಖಾಲಿ ಬಾಟಲಿಯ ಕ್ರೇಟುಗಳ ಪಕ್ಕಕ್ಕೆ. ಕಳೆದ ಶಿವರಾತ್ರಿಗೆ ಹೋದಾಗ ಒಬ್ಬ ಲಾರಿ ಡ್ರೈವರು ಗದ್ದುಗೆಗೆ ಬೆನ್ನು ಮಾಡಿ ನಿಂತು ಉಚ್ಚೆ ಹೊಯ್ಯುತ್ತಿದ್ದ. ಪಾಪ, ಅವನಿಗೇನು ಗೊತ್ತು, ಅದು ಒಂದು ಕಟ್ಟೆ ಅಷ್ಟೆ. ಅವ್ವ ಬಿಲ್ವಪತ್ರೆಯ ಚೀಲ ಹಿಡಿದುಕೊಂಡು ಅವನು ಮುಗಿಸುವ ತನಕ ಸುಮ್ಮನೆ ನಿಂತಿದ್ದಳು. ವಾಪಸು ಬರುವಾಗ ಒಂದೇ ಮಾತು ಹೇಳಿದಳು: "ನನಗ ನಮ್ಮ ಮಣ್ಣು ಬೇಕು, ಗುರೂ. ಮಂದಿ ದಂಡಿ ಬ್ಯಾಡ."

ಹೊಲ ಹುಡುಕುವುದೆಂದರೆ ಏನೆಂದು ಅವನಿಗೆ ಆಗ ತಿಳಿಯಿತು. ಹೈವೇ ಬದಿಯ ಬೆಲೆ ಕೇಳುವ ಹಾಗೇ ಇಲ್ಲ. ಹುಲಸೂರಿನ ಕಡೆ ನೋಡಿದ, ಬಸವಕಲ್ಯಾಣದ ಸುತ್ತ ನೋಡಿದ. ತನ್ನ ಕೈಗೆ ಎಟಕುವಂಥದ್ದು ಕಡೆಗೆ ಸಿಕ್ಕಿದ್ದು ಕೊಹಿನೂರ ಊರಿನ ದಾರಿಯಲ್ಲಿ, ಚನ್ನಬಸಪ್ಪ ಎಂಬವರದು. "ಜರಾ ಕಸ ಬಿದ್ದದ ಸಾವ್ಕಾರ್ರ, ಒಂದು ಮೂಲ್ಯಾಗ. ಸಾಫ್ ಮಾಡಿಸಿದ್ರ ಬಂಗಾರದಂಥಾ ಜಮೀನ," ಎಂದಿದ್ದರು ಚನ್ನಬಸಪ್ಪ, ಆ ಮೂಲೆಯ ಕಡೆ ನೋಡದೆ. ಹಿಂದೆ ಯಾವಾಗಲೋ ರಸ್ತೆಗೆಂದು ಮುರುಮು ಅಗೆದ ದೊಡ್ಡ ತಗ್ಗು ಅದು. ಲಗ್ನದ ಮನೆಗಳ ಪ್ಲಾಸ್ಟಿಕ್ ತಾಟು, ಒಡೆದ ಔಷಧಿ ಬಾಟಲಿ, ಅವುಗಳ ಕೆಳಗೆ ತೊಯ್ದ ಗೋಣಿಚೀಲಗಳು, ಚೀಲದ ಬಾಯಿಂದ ಹೊರಬಂದ ಹಳದಿ ರಾಡಿ, ನೀಲಿ ಡ್ರಮ್ಮುಗಳು. ಯಾವ ಊರಿನದೋ, ಯಾವ ಕಾರ್ಖಾನೆಯದೋ, ಹೇಳುವವರಿಲ್ಲ. ತಮ್ಮ ಜಾಗ ಸಾಫ್ ಆಗಲಿ ಎಂದು ಯಾರೋ ತಂದು ಇಲ್ಲಿ ಸುರಿದು ಹೋಗಿದ್ದರು.

ತೆಗೆಸಲು ಬಂದವನು ಅಬ್ದುಲ್ ರಜಾಕ್, ಜೆಸಿಬಿಯವನು. ಮೇಲಿನ ಕಸ ಎತ್ತಿ ಹಾಕುವಷ್ಟರಲ್ಲೇ ಅವನ ಮುಂಗೈ ಕೆಂಪಗೆ ಆಗಿತ್ತು. "ಸೇಠ್, ಮ್ಯಾಲಿಂದು ಹೋಯ್ತು. ಕೆಳಗ ಇನ್ನಾ ಅದ, ಆಳ ಅದ. ಕೈಗಿ ಸಿಡದ್ರ ಉರಿಲಾಕತ್ತದ. ಪೂರಾ ತೆಗದ್ರ ಹಾಕೋದೆಲ್ಲಿ?" ಎಂದು ಕೇಳಿದ. ಹಾಕೋದೆಲ್ಲಿ. ಗುರುನಾಥ ಆ ತಗ್ಗಿನ ಅಂಚಿನಲ್ಲಿ ಕರವಸ್ತ್ರ ಮೂಗಿಗೆ ಹಿಡಿದು ನಿಂತಿದ್ದ. ಆಗ ಅವನಿಗೆ ಅನಿಸಿದ್ದು ಪಾಪ ಪುಣ್ಯ ಯಾವುದೂ ಅಲ್ಲ, ದಣಿವು. ರಿಜಿಸ್ಟ್ರಿ ಆಫೀಸಿನ ಬೆಂಚಿನ ಮೇಲೆ ಕಳೆದ ದಿನಗಳು, ಅಂಗಡಿ, ಅವ್ವನ ದಿನಕ್ಕೊಂದು ಪ್ರಶ್ನೆ, ಎಲ್ಲ ಸೇರಿದ ದಣಿವು. "ಮ್ಯಾಲ ಕೆರಿ ಮಣ್ಣು ಹಾಕಿ ಮುಚ್ಚಿಬಿಡು" ಎಂದ. ರಜಾಕ್ ಒಂದು ಕ್ಷಣ ಅವನ ಮುಖ ನೋಡಿದ. "ನಿಮ್ಮ ಜಮೀನ, ನಿಮ್ಮ ಮರ್ಜಿ" ಎಂದು ಗಾಡಿ ಹತ್ತಿದ. ಹೊಲ ಇಷ್ಟು ದೊಡ್ಡದಿದೆ, ಅವ್ವ ಎಲ್ಲಾದರೂ ಕೂತಾಳು, ಆ ಬೇವಿನ ಗಿಡದ ಕೆಳಗೆ ಕೂತಾಳು, ಈ ಮೂಲೆಗೆ ಯಾಕೆ ಬರುತ್ತಾಳೆ. ಹಾಗೆ ಅಂದುಕೊಂಡೇ ಅವನು ಆ ದಿನ ಮನೆಗೆ ಬಂದು ಎರಡು ರೊಟ್ಟಿ ಜಾಸ್ತಿ ಉಂಡಿದ್ದ.

ಕಾರು ನಿಂತಿತು. ಅವ್ವ ಇಳಿದು, ಮೊದಲು ಬಗ್ಗಿ ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಗುರುನಾಥ ಅವಳ ರಟ್ಟೆ ಹಿಡಿದು ನೇರ ಬೇವಿನ ಗಿಡದ ಕಡೆ ನಡೆಸಿದ. ಮಾತಾಡುತ್ತಲೇ ಇದ್ದ. ಇಲ್ಲಿ ನೆರಳಿದೆ, ಇಲ್ಲಿ ಗಾಳಿ ಇದೆ, ಮುಂದೆ ಒಂದು ಕಟ್ಟೆ ಕಟ್ಟಿಸೋಣ, ಸುತ್ತ ಕಣಗಿಲೆ ಹಚ್ಚೋಣ. ಅಂಗಡಿಯಲ್ಲಿ ಕೊಡದ ನೆಗ್ಗು ಮುಚ್ಚಿಟ್ಟು ಮಾರುವಾಗಿನ ದನಿ ಇದೇ ಅಲ್ಲವೇ ಎಂದು ಅವನಿಗೇ ಕೇಳಿಸಿತು. ಅವ್ವ ಊರುಗೋಲು ಎತ್ತಿ ನೆಲಕ್ಕೆ ಕುಟ್ಟಿದಳು. ಟಣ್. ಇನ್ನೊಂದು ಕಡೆ ಕುಟ್ಟಿದಳು. ಟಣ್.

"ಇಲ್ಲಿ ಬ್ಯಾಡ" ಎಂದಳು. "ನಿಮ್ಮಪ್ಪಗ ಆದದ್ದೇ ನನಗೂ ಆಗ್ತದ. ಅಗಿಯೋ ಮಂದಿ ನನ್ನ ಬೈಕೋತ ಅಗೀತಾರ."

"ಈಗ ಮಷೀನ್ ಬಂದಾವ, ಯವ್ವಾ. ರಜಾಕಗ ಹೇಳಿದ್ರ..."

"ಸತ್ತ ಮನಿಗಿ ಮಷೀನ್ ತರ್ಲಾಕ ಹೋಗ್ತಿ ಏನು? ನಡಿ, ಪೂರಾ ಹೊಲ ನೋಡ್ತೀನಿ."

ಅವಳು ಹೊಲದುದ್ದಕ್ಕೂ ನಡೆದಳು, ಪ್ರತಿ ಎರಡು ಹೆಜ್ಜೆಗೆ ಕೋಲು ಕುಟ್ಟುತ್ತಾ. ಗುರುನಾಥ ಹಿಂದೆ ಹಿಂದೆ. ಎಲ್ಲ ಕಡೆ ಅದೇ ಕೆಂಪು ಮುರುಮು, ಅದೇ ಸದ್ದು. ತಾನು ಬಂಗಾರದಂಥ ಜಮೀನು ಎಂದು ಕೊಂಡದ್ದರಲ್ಲಿ ಮೆತ್ತಗಿನ ಮಣ್ಣಿರುವುದು ಒಂದೇ ಕಡೆ ಎಂಬುದು ಅವನಿಗೆ ಈಗ ಹೊಳೆಯಿತು. ಅಯ್ಯೋ ಶಿವನೇ, ಇಷ್ಟು ಸಾದಾ ಸಂಗತಿ ಆ ದಿನ ತಲೆಗೆ ಹೊಳೆಯಲಿಲ್ಲವಲ್ಲ. ಅವ್ವನನ್ನು ತಡೆಯಬೇಕು. ಕಾಲು ನೋವಾದೀತು ಎನ್ನಬೇಕು, ಹಾವು ಇವೆ ಎನ್ನಬೇಕು. ಅವಳು ಅಷ್ಟರಲ್ಲಿ ಆ ಮೂಲೆ ತಲುಪಿದ್ದಳು. ಕೋಲು ಕುಟ್ಟಿದಳು. ಸದ್ದಿಲ್ಲ. ಕೋಲು ಗೇಣುದ್ದ ಒಳಗೆ ಇಳಿದು ನಿಂತಿತು. ಅವಳು ತಿರುಗಿ ನೋಡಿದಾಗ ಆ ಸುಕ್ಕಿನ ಮುಖದ ಮೇಲೆ ಮೂಡಿದ್ದ ಸಂತೋಷ ನೋಡಿ ಅವನಿಗೆ ಓಡಿಹೋಗಬೇಕು ಎನಿಸಿತು.

"ಇಷ್ಟು ಛಲೋ ಮಣ್ಣು ಇಟಗೊಂಡು ಆ ಕಲ್ಲಿನಾಗ ಯಾಕ ತಿರಗಾಡಿಸಿದ್ಯೋ ನನ್ನ?"

ಎಂದವಳೇ, ಕೋಲನ್ನು ಹಾಗೇ ಬಿಟ್ಟು, ಮೊಣಕಾಲ ಮೇಲೆ ಕೈಯೂರಿ, ನಿಧಾನ ಕೆಳಗೆ ಕೂತಳು. ಅವನು ಬ್ಯಾಡ ಯವ್ವಾ, ಸೀರಿ ಹೊಲಸಾಗ್ತದ, ಎನ್ನುವುದರೊಳಗೆ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿಯಾಗಿತ್ತು. ಬೆನ್ನು ನೆಟ್ಟಗೆ ಮಾಡಿದಳು. ಕಣ್ಣು ಮುಚ್ಚಿದಳು. ಎಡಗೈಯನ್ನು ಬರಿದೇ ಎದೆಯ ಮುಂದೆ ಹಿಡಿದಳು, ಮಣ್ಣು ಮಾಡುವ ದಿನ ಅಂಗೈಯಲ್ಲಿ ಲಿಂಗ ಇಡುವ ಹಾಗೆ. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅವ್ವ ಕೂತೇ ಇದ್ದಳು. ಅಂಗಡಿಯಲ್ಲಿ ಗಿರಾಕಿ ಪಾತ್ರೆ ಎತ್ತಿ ತೂಕ ನೋಡುವ ಹಾಗೆ ಅವಳು ತನ್ನ ಸಾವನ್ನು ಒಂದಿಷ್ಟು ಹೊತ್ತು ಕೂತು ನೋಡಿದಳು. ಗುರುನಾಥನ ಮೂಗಿಗೆ ಆ ವಾಸನೆ ಸಣ್ಣಗೆ ಬಂತು. ತನಗೆ ಮಾತ್ರ ಬರುತ್ತಿರಬಹುದು, ಗೊತ್ತಿದ್ದವರಿಗೆ ಬರುತ್ತದೆ, ಎಂದುಕೊಂಡ. ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಏನೋ ವಾಸನಿ ಬರಾಕತ್ತದಲ್ಲ?"

"ಕೆರಿ ಮಣ್ಣು, ಯವ್ವಾ. ಹಸಿ ಅದ."

"ಇದ್ದೀತು ಬಿಡು." ಕಣ್ಣು ತೆರೆದಳು. "ಇಲ್ಲೇ, ಗುರೂ. ಇಲ್ಲಿ ಅಗಿಲಾಕ ನಿನಗ ತ್ರಾಸ ಆಗಂಗಿಲ್ಲ. ಆವತ್ತು ನಿನ್ನ ಮಾರಿ ನೋಡಲಾರದೆ ನಾ ಆಕಡಿ ಹೊಳ್ಳಿ ನಿಂತಿದ್ದೆ."

ಅಂದರೆ ನೋಡಿದ್ದಳು. ಅಪ್ಪನ ಕೊರಳು ಬಗ್ಗಿಸಿದ ಕೈ ಯಾರದೆಂದು ನೋಡಿದ್ದಳು. ಇಷ್ಟು ವರ್ಷ ಒಂದು ದಿನವೂ ಎತ್ತಿ ಆಡಿರಲಿಲ್ಲ. ಈಗ ತನಗೆ ಜಾಗ ಆರಿಸಿದ್ದು ಮಗನ ಕೈಗೆ ಆ ಕೆಲಸ ಮತ್ತೆ ಬರಬಾರದು ಎಂದು. ಹೇಳಿಬಿಡು, ಈಗಲೇ ಹೇಳಿಬಿಡು ಎಂದುಕೊಂಡ. ಅವನು ಅವಳ ರಟ್ಟೆ ಹಿಡಿದು ಎಬ್ಬಿಸಿ, ಸೀರೆಗೆ ಹತ್ತಿದ ಮಣ್ಣು ಝಾಡಿಸಿದ. ಮಣ್ಣಿನಲ್ಲಿ ಅವಳು ಕೂತ ಗುರುತು ಉಳಿದಿತ್ತು, ಸಣ್ಣ ಮಗು ಕೂತೆದ್ದಷ್ಟೇ ಅಗಲ.

ಅಷ್ಟರಲ್ಲಿ "ಶರಣ್ರಿ ಯವ್ವಾ" ಎಂದು ಬದುವಿನ ಆಚೆಯಿಂದ ದನಿ ಬಂತು. ಪಕ್ಕದ ಹೊಲದ ಪಂಡರಿ, ಕುರಿಯವನು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬಾಯಿತುಂಬ ನಗು. "ಸಾವ್ಕಾರ್ರು ದಿನಾ ನಿಮ್ಮ ಹೆಸರ ಹೇಳ್ತಿದ್ರು. ಬಿಸಲಾಗ ಎಷ್ಟೊತ್ತು ನಿಂದರತೀರಿ? ನೆಳ್ಳಿಗಿ ಬರ್ರಿ, ನೀರ ಕುಡೀರಿ, ಚಾ ಮಾಡಸ್ತೀನಿ." ಗುರುನಾಥನಿಗೆ ಒಂದು ಕ್ಷಣ ಹಾಯೆನಿಸಿತು. ಈ ಮೂಲೆಯಿಂದ ದೂರ ಹೋದರೆ ಸಾಕು.

ಪಂಡರಿಯ ತಗಡಿನ ಮನೆ ಒಂದು ಕೂಗಿನಷ್ಟು ದೂರ. ಅಂಗಳದಲ್ಲಿ ಮುಳ್ಳಿನ ಬೇಲಿಯೊಳಗೆ ಕುರಿಗಳು ತಲೆ ತಗ್ಗಿಸಿ ಒಂದರ ಹೊಟ್ಟೆಯ ಕೆಳಗೆ ಒಂದು ನೆರಳು ಹುಡುಕಿ ನಿಂತಿದ್ದವು. ಸೊಸೆ ಮನಿಷಾ ಕೌದಿ ತಂದು ಹಾಸಿದಳು. ಅವ್ವ ಕೂತು, ಊರು ಯಾವುದು, ಮಕ್ಕಳೆಷ್ಟು, ಗಂಡ ಎಲ್ಲಿದ್ದಾನೆ ಎಂದು ಒಂದೊಂದೇ ಕೇಳತೊಡಗಿದಳು. ಗಂಡ ಉಳಿದ ಕುರಿ ಹೊಡೆದುಕೊಂಡು ಹುಲಸೂರಿನ ಆಚೆ ಹೋಗಿದ್ದ. ಮನಿಷಾ ಉತ್ತರ ಹೇಳುತ್ತಲೇ ಸ್ಟೀಲಿನ ತಂಬಿಗೆ ತೊಳೆದು ಬಾಗಿಲ ಪಕ್ಕಕ್ಕೆ ಹೋದಳು. ಅಲ್ಲಿ, ತಗಡಿನ ತುಂಡು ಮುಚ್ಚಿಕೊಂಡು, ಎರಡು ನೀಲಿ ಡ್ರಮ್ಮು ನಿಂತಿದ್ದವು.

ಅವನ್ನು ಕೊಟ್ಟವನು ಗುರುನಾಥನೇ. ರಜಾಕ್ ಕಸ ಎತ್ತುತ್ತಿದ್ದ ದಿನ ಪಂಡರಿ ಬಂದು, ಇವನ್ನೇನು ಮಾಡತೀರಿ ಸಾವ್ಕಾರ್ರ, ಎಂದು ಕೇಳಿದ್ದ. ಹಾಕೋದೆಲ್ಲಿ ಎಂಬ ಪ್ರಶ್ನೆಗೆ ಆ ದಿನ ಸಿಕ್ಕ ಒಂದೇ ಉತ್ತರ ಅದು. ತಗೊಂಡು ಹೋಗು, ಎಲ್ಲಾ ನಿನ್ನವೇ, ಎಂದಿದ್ದ ಗುರುನಾಥ. ಪಂಡರಿ ಕೈಮುಗಿದಿದ್ದ. ಅಂದಿನಿಂದ ನಿಮ್ಮ ಹೊಲಕ್ಕೆ ನಾನೇ ಕಾವಲು ಎನ್ನುತ್ತಿದ್ದ. ಯಾತಕ್ಕೆ ಬೇಕು ಎಂದು ಗುರುನಾಥ ಕೇಳಿರಲಿಲ್ಲ. ಕಾಳು ತುಂಬಲಿಕ್ಕೆ ಇರಬಹುದು, ಹಗ್ಗ ಹಾಕಲಿಕ್ಕೆ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಿದ್ದ. ನೀರಿಗೆ ಪರದಾಡುವ ಊರಿನಲ್ಲಿ ಇಂಥ ಡ್ರಮ್ಮಿನಲ್ಲಿ ಜನ ಏನು ತುಂಬುತ್ತಾರೆಂದು ಭಾಂಡೆ ಅಂಗಡಿಯವನಿಗೆ ಗೊತ್ತಿಲ್ಲವೇ?

"ಭಾಳ ನೀರ ಹಿಡೀತಾವ್ರಿ" ಎನ್ನುತ್ತಿದ್ದಳು ಮನಿಷಾ, ತಂಬಿಗೆ ಮುಳುಗಿಸುತ್ತಾ. "ಟ್ಯಾಂಕರ್ ಬಂದಾಗ ತುಂಬಿಸಿಟ್ರ ನಮಗೂ ಆಗ್ತದ, ಕುರಿಗೂ ಆಗ್ತದ. ಸಾವ್ಕಾರ್ರು ಪುಣ್ಯಾ ಕಟಗೊಂಡ್ರು."

ತಂಬಿಗೆ ಅವ್ವನ ಮುಂದೆ ಬಂತು. ಅವ್ವ ಕೈ ಚಾಚಿದಳು.

"ಬ್ಯಾಡ" ಎಂದ ಗುರುನಾಥ.

ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಮನಿಷಾಳ ಕೈ ಅಲ್ಲೇ ನಿಂತಿತು. "ಯವ್ವಾ, ಇಲ್ಲಿ ಕುಡೀಬ್ಯಾಡ. ಕಾರಿನಾಗ ನಮ್ಮ ನೀರದ."

ನಮ್ಮ ನೀರು. ಅಂದ ಮೇಲೆ ಆ ಮಾತು ಅಂಗಳದಲ್ಲಿ ಹೇಗೆ ಕೇಳಿಸಿತೆಂದು ಅವನಿಗೂ ತಿಳಿಯಿತು. ಮನಿಷಾ ಮುಖ ಕೆಳಗೆ ಹಾಕಿದಳು. ಪಂಡರಿಯ ನಗು ಪೂರಾ ಹೋಗಲಿಲ್ಲ, ಅಲ್ಲೇ ತುಟಿಯ ಮೇಲೆ ಗಟ್ಟಿಯಾಗಿ ಉಳಿಯಿತು. "ಅವರು ನಮ್ಮಲ್ಲಿ ಕುಡಿಯಂಗಿಲ್ಲ ಕಾಣಸ್ತದ, ಮನಿಷಾ" ಎಂದ, ಸಣ್ಣ ದನಿಯಲ್ಲಿ, ಯಾರ ಮೇಲೂ ಸಿಟ್ಟಿಲ್ಲದ ಹಾಗೆ. "ನಾನೇ ಮರತೆ. ಒಳಗ ಇಡು."

"ಗುರೂ!" ಅವ್ವ ಗದರಿದಳು. "ಏನಂದಿ? ಕಲ್ಯಾಣದ ಮಣ್ಣಿನ ಮ್ಯಾಲ ಕುಂತು ಈ ಮಾತ ಆಡ್ತಿ? ನಿಮ್ಮಪ್ಪ ಸಂತಿಸಂತಿಗಿ ಭಾಂಡಿ ಹೊತಗೊಂಡು ತಿರಗ್ಯಾಡುವಾಗ ಯಾರ ಮನಿ ನೀರು ಕುಡದು ಬದುಕಿದ ಅಂತ ತಿಳಕೊಂಡಿ? ಇಂಥಾ ಮಗನ್ನ ಹಡದೆ ಏನು ನಾನು?"

ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ. ಯಾಕೆಂದರೆ ಅಲ್ಲಿ, ಆ ಬೈಗುಳದ ನಡುವೆ, ಅವನಿಗೊಂದು ಬಾಗಿಲು ಕಂಡಿತು. ಇವರು ಹೀಗೇ ತಿಳಿದುಕೊಳ್ಳಲಿ. ಜಾತಿ ಮಾಡುವವನು ಎಂದು ಅವ್ವ ಬೈಯಲಿ, ಎರಡು ದಿನ ಮಾತು ಬಿಡಲಿ, ವಿಜಯಶ್ರೀಗೂ ಹೇಳಿ ಅಳಲಿ. ಪಂಡರಿ ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳಲಿ. ಇಂಥದ್ದನ್ನು ಜನ ಬೈಯುತ್ತಾರೆ, ಆಮೇಲೆ ಮರೆಯುತ್ತಾರೆ. ಅವನಂಥವರು ಊರಲ್ಲಿ ಎಷ್ಟು ಮಂದಿ ಇಲ್ಲ. ಎಲ್ಲರಿಗೂ ಗೊತ್ತಿರುವ ಹಳೆಯ ತಪ್ಪು ಅದು, ಅದರೊಳಗೆ ಹೊಕ್ಕು ಕೂತರೆ ಇನ್ನೊಂದು ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಅವ್ವ ಈ ನೀರು ಕುಡಿಯುವುದಿಲ್ಲ, ಅಷ್ಟು ಸಾಕು. ಡ್ರಮ್ಮಿನ ಮಾತು ಆಮೇಲೆ ಹೇಗೋ ಹೇಳಬಹುದು, ಹೊಸ ಸ್ಟೀಲಿನ ಪೀಪಾಯಿ ತಂದುಕೊಟ್ಟು, ಹಳೆಯದು ಚೆಂದ ಕಾಣುವುದಿಲ್ಲ ಎಂದು ಸುಳ್ಳು ಹೇಳಿ ಬದಲಿಸಬಹುದು. ಆಮೇಲೆ ಎಂಬುದು ಯಾವತ್ತೂ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ತಲೆ ತಗ್ಗಿಸಿದ. ಹೌದು, ನಾನು ಅಂಥವನೇ, ಎಂದು ಒಪ್ಪಿಕೊಂಡ ಹಾಗೆ ತಗ್ಗಿಸಿದ. ನಾಚಿಕೆಯಾಗಬೇಕಿತ್ತು. ಆದದ್ದು, ಬಿಗಿದ ಪಟ್ಟಿ ಸಡಿಲಿಸಿದಂಥ ಸಮಾಧಾನ. ಆ ಸಮಾಧಾನಕ್ಕೇ ಅವನಿಗೆ ತನ್ನ ಮೇಲೆ ಹೇಸಿಕೆ ಬಂತು.

"ಕೊಡವ್ವಾ ಇಲ್ಲಿ" ಎಂದಳು ಅವ್ವ. ಮನಿಷಾಳ ಕೈಯಿಂದ ತಂಬಿಗೆ ಕಿತ್ತುಕೊಂಡ ಹಾಗೇ ತಗೊಂಡಳು. "ನನ್ನ ಮಗಗ ಬುದ್ಧಿ ಇಲ್ಲ. ನೀ ಮನಸಿಗಿ ಹಚ್ಚಕೋಬ್ಯಾಡ."

ಅವಳು ಯಾವತ್ತೂ ಎತ್ತಿ ಗಂಟಲಿಗೆ ಹೊಯ್ದುಕೊಂಡು ಕುಡಿಯುವವಳು. ಇವತ್ತು ಎಲ್ಲರೂ ನೋಡಲಿ ಎಂದೇ, ಕಚ್ಚಿ ಕುಡಿಯಲು, ತಂಬಿಗೆಯ ಅಂಚನ್ನು ತುಟಿಗೆ ಹಚ್ಚಿದಳು.

ಗುರುನಾಥ ಹಾರಿ ಬಂದು ಅವಳ ಕೈಗೆ ಹೊಡೆದ. ತಂಬಿಗೆ ಉರುಳಿಕೊಂಡು ಬೇಲಿಯ ತನಕ ಹೋಯಿತು. ನೀರು ಅವಳ ಸೀರೆಯ ಮೇಲೆ, ಕೌದಿಯ ಮೇಲೆ, ಕೆಂಪು ನೆಲದ ಮೇಲೆ ಚೆಲ್ಲಿತು. ಅವ್ವ ಹೊಡೆಸಿಕೊಂಡ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನನ್ನೇ ನೋಡಿದಳು.

"ಆ ಡ್ರಮ್ಮು ಛಲೋದಲ್ಲ, ಯವ್ವಾ." ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ನೀ ಕುಂತಿದ್ದೆಲ್ಲ, ಆ ಮೂಲ್ಯಾಗ ಸಿಕ್ಕಿದ್ದು. ಯಾರೋ ವಿಷ ತಂದು ಹಾಕ್ಯಾರ ಅಲ್ಲಿ. ರಜಾಕನ ಕೈ ಸುಟ್ಟಿತ್ತು. ನಾ ಪೂರಾ ತೆಗಿಸಿಲ್ಲ. ಮ್ಯಾಲ ಮಣ್ಣು ಹಾಕಿ ಮುಚ್ಚೀನಿ. ಡ್ರಮ್ಮು ಎಲ್ಲಿ ಹಾಕಬೇಕು ತಿಳೀಲಿಲ್ಲ. ಇವರು ಕೇಳಿದ್ರು, ಕೊಟ್ಟೆ."

ಕುರಿಯೊಂದು ಕೆಮ್ಮಿತು. ಪಂಡರಿ ಡ್ರಮ್ಮಿನ ಕಡೆ ನೋಡಿದ, ಸೊಸೆಯ ಕಡೆ ನೋಡಿದ, ಕಡೆಗೆ ಗುರುನಾಥನ ಕಡೆ ನೋಡಿದ.

"ಹಂಗಾದ್ರ ಜಾತಿ ಅಲ್ಲ" ಎಂದ.

"ಅಲ್ಲ, ಪಂಡರಿ. ದೇವರಾಣಿ ಅಲ್ಲ."

"ಜಾತಿ ಆಗಿದ್ರನಽ ಛಲೋ ಇತ್ತಲ್ರಿ, ಸಾವ್ಕಾರ್ರ." ದನಿ ಏರಲಿಲ್ಲ. "ಅದು ನಮಗ ರೂಢಿ ಅದ. ಇದು... ನಿಮ್ಮವ್ವ ಕುಡೀತಾರ ಅಂದ ಕೂಡಲೇ ಬಾಯಿ ಬಂತು. ನಮಗ ಕೊಡುವಾಗ ಯಾಕ ಬರಲಿಲ್ಲ?"

ಉತ್ತರ ಇತ್ತು. ನೀರಿಗೆ ಬಳಸುತ್ತೀರೆಂದು ನನಗೆ ಗೊತ್ತಿರಲಿಲ್ಲ, ಎಂಬ ಉತ್ತರ. ಅವನು ಅದನ್ನು ನಾಲಿಗೆಯ ತುದಿಗೆ ತಂದು ನುಂಗಿದ. ಮನಿಷಾ ಗೋಡೆ ಹಿಡಿದು ನಿಂತು, "ಮೊನ್ನೆ ಮರಿ ಸತ್ತಿದ್ದು ಇದಕ್ಕೇ ಏನ್ರಿ ಮಾಮಾ? ನಾವು ಬಿಸಲಿಗಿ ಅಂತ ತಿಳಕೊಂಡಿದ್ವಿ" ಎಂದಳು ಮಾವನಿಗೆ. ಪಂಡರಿ ಹೋಗಿ ಎರಡೂ ಡ್ರಮ್ಮುಗಳಿಗೆ ಎದೆ ಕೊಟ್ಟು ಕೆಡವಿದ. ಟ್ಯಾಂಕರಿಗೆ ಕಾದು ತುಂಬಿಸಿದ ನೀರು ಅಂಗಳದ ತುಂಬ ಹರಿಯಿತು. ಬೇಲಿಯೊಳಗಿನ ಕುರಿಗಳು ನೀರಿನ ಸದ್ದಿಗೆ ತಲೆಯೆತ್ತಿ ನುಗ್ಗಿ ಬಂದವು. ಮನಿಷಾ ಅಳುತ್ತಾ, ಕೋಲು ಬೀಸುತ್ತಾ, ಬಾಯಾರಿದ ಕುರಿಗಳನ್ನು ನೀರಿನಿಂದ ಹಿಂದಕ್ಕೆ ಅಟ್ಟಿದಳು.

"ನಾಳೆ ಎಲ್ಲಾರನ್ನೂ ಬೀದರ ದವಾಖಾನಿಗಿ ಕರ್ಕೊಂಡು ಹೋಗ್ತೀನಿ" ಎಂದ ಗುರುನಾಥ.

"ನಾವೇ ಹೋಗ್ತೀವ್ರಿ" ಎಂದ ಪಂಡರಿ, ಬೆನ್ನು ತಿರುಗಿಸಿಕೊಂಡೇ. "ನಿಮ್ಮ ಗಾಡಿ ಬ್ಯಾಡ."

ಅವ್ವ ಎದ್ದಿದ್ದಳು. ಮನಿಷಾಳ ಹತ್ತಿರ ಹೋಗಿ, ಅವಳ ತಲೆಯ ಮೇಲೆ ಕೈ ಇಟ್ಟು ತೆಗೆದಳು. ಆಮೇಲೆ ಬದು ದಾಟಿ ಹೊಲಕ್ಕೆ ನಡೆದಳು. ಕೋಲು ಅಲ್ಲೇ ಮಣ್ಣಿನಲ್ಲಿ ಬಿಟ್ಟು ಬಂದಿದ್ದರಿಂದ ಓಲಾಡುತ್ತಾ ನಡೆದಳು, ಗುರುನಾಥ ಚಾಚಿದ ಕೈಯನ್ನು ನೋಡದ ಹಾಗೆ. ಆ ಮೂಲೆಗೆ ಬಂದು ತಾನು ಕೂತಿದ್ದ ಗುರುತಿನ ಪಕ್ಕ ನಿಂತಳು.

"ಬೇವಿನ ಗಿಡದ ಕೆಳಗ ಮಾಡೋಣು, ಯವ್ವಾ. ಮಷೀನ್ ತರಸ್ತೀನಿ, ಎಷ್ಟು ಗಟ್ಟಿ ಇದ್ರೂ..."

"ನಾ ಜಾಗ ಆರಿಸೀನಿ."

"ಇಲ್ಲಿ ಬ್ಯಾಡ. ಹೇಳಿದೆನಲ್ಲ, ಕೆಳಗ..."

"ಕೇಳೀನಿ." ಕೋಲು ಕಿತ್ತು ಕೈಗೆ ತಗೊಂಡಳು. "ಮುಚ್ಚೀನಿ ಅಂದಿ. ನಾಳೆ ಬೇವಿನ ಕೆಳಗ ನನ್ನನ್ನೂ ಮುಚ್ಚಿ, ಇದನ್ನ ಹಿಂಗಽ ಬಿಟ್ಟು ಹೋಗ್ತಿ. ನಾ ಇಲ್ಲೇ ಕುಂಡ್ರಾಕಿ, ಗುರೂ. ನಿಮ್ಮವ್ವನ್ನ ಯಾತರಾಗ ಕುಂಡ್ರಿಸ್ತಿ ಅನ್ನೋದು ನೀನೇ ನೋಡಕೋ. ಮೊದಲ ಆ ಮನಿಗಿ ನೀರು ಹಾಕಿ ಬಾ. ಅಂಗಡಿ ತುಂಬ ಕೊಡ ಇಟಗೊಂಡು ಅವರಿಗಿ ಅದನ್ನ ಕೊಟ್ಟಿ..."

ಅವನು ಕಾರಿನಲ್ಲಿದ್ದ ನೀರಿನ ಕ್ಯಾನು ಹೊತ್ತು ಪಂಡರಿಯ ಬಾಗಿಲಿಗೆ ಇಟ್ಟ. ಯಾರೂ ಅದನ್ನು ಮುಟ್ಟಲಿಲ್ಲ. ಟ್ಯಾಂಕರಿನವನಿಗೆ ಫೋನು ಮಾಡಿದ. ರಜಾಕನಿಗೆ ಮಾಡಿದ. ಪೂರಾ ತೆಗೀಬೇಕು ಎಂದಾಗ ರಜಾಕ್ ಅದೇ ಪ್ರಶ್ನೆ ಕೇಳಿದ, "ಹಾಕೋದೆಲ್ಲಿ, ಸೇಠ್?" ಗೊತ್ತಿಲ್ಲ, ಬೀದರಿನ ಆಫೀಸುಗಳಿಗೆ ಹೋಗಿ ಕೇಳುತ್ತೇನೆ, ಮತ್ತೊಬ್ಬರ ಹೊಲಕ್ಕಂತೂ ಅಲ್ಲ, ಎಂದ. ಎಷ್ಟು ಬಾಗಿಲು, ಎಷ್ಟು ಬೆಂಚು ಎಂದು ನೆನೆಯುತ್ತಾ ಪಂಡರಿಯ ಕಡೆ ತಿರುಗಿದ. "ಪಂಡರಿ, ಗುದ್ದಲಿ ಇದ್ರ ಕೊಡು" ಎಂದ. ಪಂಡರಿ ಎದ್ದು ಬರಲಿಲ್ಲ. "ಗ್ವಾಡಿಗಿ ಅದ, ತಗೋರಿ" ಎಂದ, ಅಷ್ಟೆ.

ಮೇಲಿನ ಮಣ್ಣು ಸಲೀಸಾಗಿ ಬಂತು. ಅವ್ವ ಹೇಳಿದ್ದು ಖರೆ, ತ್ರಾಸವೇ ಇಲ್ಲ. ಯಂತ್ರ ಬರುವ ತನಕ ಕಾಯಬಹುದಿತ್ತು, ಒಬ್ಬ ಮನುಷ್ಯನ ಗುದ್ದಲಿಗೆ ಮುಗಿಯುವ ಕೆಲಸವೂ ಅಲ್ಲ. ಆದರೆ ಅವಳು ಅಂಚಿನಲ್ಲಿ ಕೂತಿದ್ದಳು, ಮತ್ತು ಅವನಿಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಮೊಣಕಾಲಿನಷ್ಟು ಇಳಿದಾಗ ಮಣ್ಣಿನ ಬಣ್ಣ ತಿರುಗಿತು. ಗುದ್ದಲಿಗೆ ಒಂದು ಗೋಣಿಚೀಲ ಸಿಕ್ಕಿ ಹರಿಯಿತು. ವಾಸನೆ ಭಗ್ಗೆಂದು ಮುಖಕ್ಕೆ ಬಡಿಯಿತು, ಕಣ್ಣಲ್ಲಿ ನೀರು ಬಂದು ಏನೂ ಕಾಣದಾಯಿತು. ಟವೆಲು ಮುಖಕ್ಕೆ ಸುತ್ತಿಕೊಂಡು, ದೂರ ಹೋಗಿ ಕೂಡು ಯವ್ವಾ, ಮೂಗಿಗೆ ಸೆರಗಾದರೂ ಹಿಡಿ, ಎಂದು ಕೂಗಿದ. ಅವಳು ಹಿಡಿಯಲಿಲ್ಲ. ಅವನು ಸಾಕಾಗಿ, ಗುದ್ದಲಿ ಊರಿ, ಸೊಂಟ ನೆಟ್ಟಗೆ ಮಾಡಿ ಅವಳ ಕಡೆ ನೋಡಿದ. ಅವ್ವ ಬಗ್ಗಿ ತಗ್ಗಿನೊಳಗೆ ಕಣ್ಣು ಹಾಯಿಸಿದಳು.

"ಇನ್ನೂ ಆಳ, ಗುರೂ" ಎಂದಳು. "ನನ್ನ ಕೊರಳ ಬಗ್ಗಬಾರದು."